ಕೆಂಪು ಚೀಟಿಯಿಲ್ಲದ ಗೋಡೆ

ಮಾರ್ಚ್ ೧೪, ಭಾನುವಾರ

ಪ್ರೀತಿಯ ತಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ನೀನು, ನಿನ್ನ ಹೆಂಡತಿ, ಮಕ್ಕಳು ಎಲ್ಲ ಸುಖವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಬೈಯುವುದಿದ್ದರೆ ಬೈ, ಆದರೆ ಮೊದಲು ಕಥೆ ಕೇಳು.

ನಮ್ಮ ಬಸ್ ಕಚೇರಿಯ ವೇಳಾಪಟ್ಟಿ ವಿಭಾಗಕ್ಕೆ ಹೊಸ ಪದ್ಧತಿ ಬಂದಿದೆ. ಅಜೈಲ್ ಅಂತ ಅದರ ಹೆಸರು, ಚುರುಕು ಅಂತ ಅರ್ಥವಂತೆ. ಕಲಿಸಲು ಒಬ್ಬ ಹೆಣ್ಣುಮಗಳು ಬಂದಳು. ದಿನಾ ಬೆಳಗ್ಗೆ ಗೋಡೆಯ ಮುಂದೆ ಎಲ್ಲರೂ ನಿಂತು, ನಿನ್ನೆ ಏನು ಮಾಡಿದೆ, ಇವತ್ತೇನು ಮಾಡುತ್ತೇನೆ, ಎಲ್ಲಿ ಸಿಕ್ಕಿಕೊಂಡಿದ್ದೇನೆ ಎಂಬುದನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬೇಕು. ಹಾಗಾಗಿ ಅವಳಿಗೆ ಹತ್ತು ನಿಮಿಷದಮ್ಮ ಎಂದೇ ಹೆಸರು ಬಿತ್ತು. ಆ ಗೋಡೆಯ ಮೇಲೆ ಒಂದೊಂದು ಕೆಲಸಕ್ಕೆ ಒಂದೊಂದು ಹಳದಿ ಚೀಟಿ. ಕೆಲಸ ಸಿಕ್ಕಿಕೊಂಡರೆ ಅದರ ಮೇಲೊಂದು ಕೆಂಪು ಚೀಟಿ. ಮೊದಲು ತಿಂಗಳುಗಟ್ಟಲೆ ಮೇಜಿನ ಮೇಲೆ ಮಲಗಿರುತ್ತಿದ್ದ ಪಟ್ಟಿ ಈಗ ಹದಿನೈದು ದಿನದಲ್ಲಿ ಹೊರಗೆ ಹೋಗಬೇಕು. ಇದು ನಮ್ಮ ಕೈ ಹಿಡಿಯದಿದ್ದರೆ ವಿಭಾಗ ಮುಚ್ಚಿ ಕೆಲಸವನ್ನು ಹೊರಗಿನ ಕಂಪನಿಗೆ ಕೊಡುವುದಾಗಿ ಮೇಲಧಿಕಾರಿ ಮೊದಲೇ ಹೇಳಿದ್ದರು. ನಾವೂ ಶಾಲೆಮಕ್ಕಳ ಹಾಗೆ ಸಾಲಾಗಿ ನಿಂತೆವು.

ನಿಂತದ್ದೇನೋ ಸರಿ. ಆದರೆ ನಮ್ಮಲ್ಲಿ ಮೊದಲು ಬಾಯಿ ತೆರೆಯುವವಳು ನಾನು, ಎಲ್ಲರಿಗೂ ದೊಡ್ಡಕ್ಕ. ನಾನು "ಏನೂ ತೊಂದರೆ ಇಲ್ಲ" ಎಂದರೆ ಸಾಲಿನ ಕೊನೆಯವರೆಗೂ ಅದೇ ಮಾತು. ತೊಂದರೆ ಇದ್ದವರು ಆಮೇಲೆ ಚಹಾದ ಹೊತ್ತಿನಲ್ಲಿ, ಲೋಟ ತೊಳೆಯುವ ನೆಪದಲ್ಲಿ, ಪಕ್ಕದವರ ಕಿವಿಗೆ ಹಾಕುತ್ತಾರೆ. ಮೊದಲಿನಿಂದಲೂ ನಾವು ಹಾಗೇ.

ಒಂದು ದಿನ ಹತ್ತು ನಿಮಿಷದಮ್ಮ ಕೇಳಿಯೇಬಿಟ್ಟಳು. "ಇಷ್ಟು ದಿನ ಆಯ್ತು, ಒಂದೂ ಕೆಂಪು ಚೀಟಿ ಇಲ್ವಲ್ಲ. ನೀವೇನು ದೇವರುಗಳಾ?"

"ಕೆಂಪು ಅಂಟಿಸಿದ್ರೆ ಯಾರದೋ ಮುಖಕ್ಕೆ ಅಂಟಿಸಿದ ಹಾಗಲ್ವಾ ಮೇಡಂ?" ಎಂದ ನಮ್ಮಲ್ಲಿ ಮಾರ್ಗದ ನಕ್ಷೆ ಬರೆಯುವವನು.

"ಅದು ಕೆಲಸಕ್ಕೆ ಅಂಟಿಸೋದು ಕಣಪ್ಪಾ."

"ನಮ್ಮಲ್ಲಿ ಕೆಲಸಕ್ಕೂ ಮುಖ ಇರತ್ತೆ ಮೇಡಂ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೋದ ತಿಂಗಳು ಒಂದು ಸೋಮವಾರ ಹೊಸ ಪಟ್ಟಿ ಜಾರಿಗೆ ಬಂತು. ಆಸ್ಪತ್ರೆ ರಸ್ತೆಯಲ್ಲಿ ಎರಡು ಬಸ್ಸು ಒಂದರ ಬೆನ್ನಿಗೊಂದು ಖಾಲಿ ಹೋದವು. ಪಾಳಿ ಬದಲಾಗುವ ಹೊತ್ತಿಗೆ ಒಂದೂ ಬರಲಿಲ್ಲ, ದಾದಿಯರು ನಡೆದೇ ಮನೆಗೆ ಹೋದರಂತೆ. ಆ ಮಾರ್ಗದ ಪಟ್ಟಿ ಬರೆದವಳು ನಾನು; ಒಂದೇ ಹೊತ್ತನ್ನು ಎರಡು ಸಲ ಬರೆದಿದ್ದೆ, ಬರೆದದ್ದು ನೆನಪೇ ಇಲ್ಲ. ಅದರ ಚೀಟಿಯನ್ನು ಗೋಡೆಯಲ್ಲಿ "ಮುಗಿದಿದೆ" ಎಂದು ಬರೆದ ಕಡೆಗೆ ಸರಿಸಿದವಳೂ ನಾನೇ.

ಮರುದಿನ ಗೋಡೆಯ ಮುಂದೆ ಹತ್ತು ನಿಮಿಷದಮ್ಮ, "ಇದು ಯಾರಿಗಾದ್ರೂ ಮೊದಲೇ ಗೊತ್ತಿತ್ತಾ?" ಎಂದಳು. ಎಲ್ಲರೂ ನನ್ನ ಚಪ್ಪಲಿ ನೋಡತೊಡಗಿದರು. ಕೊನೆಗೆ ನಕ್ಷೆಯವನೇ ಬಾಯಿಬಿಟ್ಟ.

"ಎಲ್ಲರಿಗೂ ಗೊತ್ತಿತ್ತು. ದೊಡ್ಡಕ್ಕ ಬರೆದದ್ದನ್ನ ಸಂಜೆ ಅವರು ಹೋದ ಮೇಲೆ ನಾವೇ ಸರಿಮಾಡಿ ಇಡ್ತಿದ್ವಿ. ಈಗ ಎಲ್ಲಾ ಬೇಗ ಬೇಗ ಅಲ್ವಾ, ಈ ಸಲ ಟೈಮೇ ಸಿಗ್ಲಿಲ್ಲ."

"ಯಾವಾಗಿಂದಪ್ಪಾ?" ಎಂದೆ.

"ಹೋದ ವರ್ಷದಿಂದ, ಅಕ್ಕಾ."

ನಾನು ಹೋಗಿ ನನ್ನ ಚೀಟಿಯ ಮೇಲೆ ಕೆಂಪು ಅಂಟಿಸಿದೆ. ಅದು ಉದುರಿ ಬಿತ್ತು. ಎತ್ತಿ, ಬೆರಳಿನಿಂದ ಒತ್ತಿ ಇನ್ನೊಮ್ಮೆ ಅಂಟಿಸಿದೆ. ಉಳಿದವರೂ ತಮ್ಮ ತಮ್ಮದಕ್ಕೆ ಅಂಟಿಸಿ, ಆ ಶುಕ್ರವಾರದ ಹೊತ್ತಿಗೆ ಗೋಡೆ ತುಂಬ ಕೆಂಪು. ತೊಂದರೆಗಳು ಈಗ ಮೊದಲೇ ಕಾಣುತ್ತವೆ ಎಂದು ಮೇಲಧಿಕಾರಿಗೆ ಸಂತೋಷವಾಗಿದೆ, ವಿಭಾಗ ಉಳಿಯಿತು. ನನ್ನನ್ನು ದೂರು ಕೇಳುವ ಕಿಟಕಿಗೆ ಹಾಕಿದ್ದಾರೆ; ಕೂತು ಮಾಡುವ ಕೆಲಸ, ಕಷ್ಟವಿಲ್ಲ. ಬೆಳಗ್ಗೆ ಸಾಲಿಗೆ ಈಗಲೂ ಹೋಗುತ್ತೇನೆ, ಆದರೆ ಕೊನೆಯಲ್ಲಿ ಮಾತಾಡುತ್ತೇನೆ. ಅದು ನಾನೇ ಕೇಳಿಕೊಂಡದ್ದು.

ಮಕ್ಕಳು ಚೆನ್ನಾಗಿ ಓದಲಿ. ನಿನ್ನ ಮನೆ ತಣ್ಣಗಿರಲಿ.

ನಿನ್ನ,
ಅಕ್ಕ

ಮರೆತಿದ್ದೆ: ಹೋದ ವರ್ಷ ನಾನು ರಜೆಗೆ ನಿನ್ನ ಮನೆಗೆ ಬಂದಾಗ ನೀನು ವಾರವಿಡೀ, "ಅಕ್ಕಾ, ನೀನು ಕೂತಿರು, ಚಹಾ ನಾನೇ ಮಾಡ್ತೀನಿ" ಅನ್ನುತ್ತಿದ್ದೆ. ನನ್ನನ್ನು ಒಲೆಯ ಹತ್ತಿರವೇ ಬಿಡಲಿಲ್ಲ. ತಮ್ಮನ ಪ್ರೀತಿ ಎಂದು ಊರಿಗೆಲ್ಲ ಹೇಳಿಕೊಂಡು ಬಂದೆ. ನಿನ್ನ ಮಗಳನ್ನು ನಾನು ಮತ್ತೆ ಮತ್ತೆ ನಮ್ಮ ಅಮ್ಮನ ಹೆಸರಿನಿಂದ ಕರೆದಾಗ ನೀನು ಕಿಟಕಿಯ ಕಡೆ ತಿರುಗಿದ್ದು ಈಗ ನೆನಪಾಗುತ್ತಿದೆ. ನನ್ನಲ್ಲಿ ನೀನು ನೋಡಿದ್ದೇನು? ಚಿಕ್ಕವನು ಎಂದು ಸುಮ್ಮನಿರಬೇಡ, ಬರೆ.