ತಗಡಿನಾಚೆಯ ಸೂರ್ಯ

ಗಾಜಿನ ಕಾರ್ಖಾನೆ, ಭಟ್ಟಿಯ ಹಿಂದಿನ ಕೋಣೆ
ಬುಧವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಚಾವಣಿಯ ಗಾಜಿನ ಕಿಂಡಿಗೆ ಬಡಿದ ತಗಡನ್ನು ತಿಂಗಳೊಳಗೆ ಕೀಳಿಸುತ್ತೇವೆ ಎಂದರು ಕಾರ್ಖಾನೆಯವರು. ತಗಡು ಕದಲಲಿಲ್ಲ. ಭಟ್ಟಿಯವರಿಗೆಲ್ಲ ಹೊಸ ಕನ್ನಡಕ ಎಂದರು. ಬರಲಿಲ್ಲ. ಗಂಟೆಗೊಮ್ಮೆ ಹತ್ತು ನಿಮಿಷ ಹೊರಗಿನ ಗಾಳಿ ಎಂದರು. ಅದನ್ನು ಕೇಳಲು ಹೋದ ಇಬ್ಬರಿಗೆ ಹತ್ತು ದಿನ ಮನೆಯಲ್ಲೇ ಗಾಳಿ ಕುಡಿಯಿರಿ ಎಂದು ಗೇಟು ತೋರಿಸಿದರು.

ನೋಡು, ಕ್ಷೇಮ ವಿಚಾರಿಸುವ ಮೊದಲೇ ಜಗಳ ತೆಗೆದೆ. ಹೇಗಿದ್ದೀಯಾ? ಕಣ್ಣಿನ ಪಟ್ಟಿ ಬದಲಿಸುವಾಗ ಈಗಲೂ ಉರಿಯುತ್ತದೆಯೇ? ಊಟ ಬಿಡಬೇಡ. ಇದನ್ನು ನಿನಗೆ ಓದಿ ಹೇಳುತ್ತಿರುವ ನರ್ಸಕ್ಕನಿಗೂ ನನ್ನ ನಮಸ್ಕಾರ. ಅಕ್ಕಾ, ನನ್ನ ಅಕ್ಷರ ಕಾಗೆ ಕಾಲು, ಬೇಜಾರು ಮಾಡಿಕೊಳ್ಳಬೇಡಿ. ಅಮ್ಮ ಗಟ್ಟಿಯಾಗಿದ್ದಾಳೆ. ಒಗೆಯದಿದ್ದರೂ ನಿನ್ನ ಅಂಗಿಗಳನ್ನು ದಿನಾ ಬಿಸಿಲಿಗೆ ಹಾಕುತ್ತಾಳೆ. ಕೇಳಿದರೆ, 'ಅವನಿಗೆ ಸ್ವಲ್ಪ ಬಿಸಿಲು ಕೂಡಿಡ್ತಿದೀನಿ' ಅನ್ನುತ್ತಾಳೆ.

ಸೋಮವಾರ ಮ್ಯಾನೇಜರ್ ನಮ್ಮನ್ನೆಲ್ಲ ಸೇರಿಸಿ ಕಣ್ಣು ಹೋದ ತಪ್ಪನ್ನು ನಿನ್ನ ತಲೆಗೇ ಕಟ್ಟಿದ. 'ಕನ್ನಡಕ ತೆಗೆದೋನು ಅವನೇ ತಾನೇ? ಅನುಭವಿಸಲಿ' ಅಂದ. ನನ್ನ ಮೈಯೆಲ್ಲ ಉರಿದುಹೋಯಿತು. ಕರಗಿದ ಗಾಜು ಹದಕ್ಕೆ ಬಂತೇ ಎಂದು ಬಣ್ಣ ನೋಡಿ ಹೇಳುವ ಕಣ್ಣು ಈ ಕಾರ್ಖಾನೆಗೆ ನಿನ್ನದೊಂದೇ. ಕಿಂಡಿಯ ಬಿಸಿಲು ಪಕ್ಕದಲ್ಲಿದ್ದಾಗ ಕನ್ನಡಕದೊಳಗಿನಿಂದಲೇ ಒಂದು ನೋಟ ಸಾಕಿತ್ತು. ಹೊತ್ತು ಎಷ್ಟಾಯಿತೆಂದು ನಮಗೆ ತಿಳಿಯಬಾರದೆಂದು ತಗಡು ಬಡಿಸಿದರು, ಬಿಳಿ ಟ್ಯೂಬ್‌ಲೈಟು ಹಾಕಿದರು. ಆ ಬೆಳಕಿನಲ್ಲಿ ಬಣ್ಣ ಸುಳ್ಳು ಹೇಳಿತು. ನೀನು ಕನ್ನಡಕ ತೆಗೆದು ಭಟ್ಟಿಯ ಬಾಯಿಗೆ ಮುಖ ಕೊಟ್ಟೆ, ದಿನಕ್ಕೆ ನಲವತ್ತು ಸಲ, ಮೂರು ವರ್ಷ. ಸೂರ್ಯನನ್ನು ಮುಚ್ಚಿದವನದು ತಪ್ಪೋ, ಸೂರ್ಯನಿಲ್ಲದೆಯೂ ಕೆಲಸ ಕೆಡಿಸದವನದೋ?

'ನೀವು ಕೈಕಾಲು. ತಲೆ, ಕಣ್ಣು ನಾವು. ಬೆಳಕಿನ ಚಿಂತೆ ನಮಗೆ ಬಿಡಿ' ಎಂದೂ ಸೇರಿಸಿದ. ಪ್ಯಾಕಿಂಗ್ ಅಜ್ಜಿ ಗಾಜಿಗೆ ಹುಲ್ಲು ಸುತ್ತುತ್ತಲೇ, 'ಅಲ್ಲಪ್ಪಾ, ಕಾಲೇ ಇಲ್ದೆ ಆ ತಲೆ ಇಲ್ಲಿತನಕ ಉರುಳ್ಕೊಂಡು ಬಂತಾ?' ಅಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮನೆಯ ತಾರಸಿಯ ಮೇಲೆ ಅಜ್ಜನ ಪಕ್ಕ ನಾವಿಬ್ಬರೂ ಅಂಗಾತ ಮಲಗಿದ ಆ ಸಂಜೆ ನೆನಪಾಯಿತು.

ವೇದದ ಕಾಲದವರು ಲೋಕವನ್ನೇ ಒಬ್ಬ ಮಹಾ ಮನುಷ್ಯನೆಂದು ಕಂಡರು ಎಂದು ಅಜ್ಜ ಹೇಳುತ್ತಿದ್ದ. ಅವನ ಕಣ್ಣಿನಿಂದ ಸೂರ್ಯ, ಮನಸ್ಸಿನಿಂದ ಚಂದ್ರ, ಉಸಿರಿನಿಂದ ಗಾಳಿ, ಕಿವಿಯಿಂದ ದಿಕ್ಕುಗಳು. ಸತ್ತಾಗ ಕಣ್ಣು ಸೂರ್ಯನಿಗೆ, ಉಸಿರು ಗಾಳಿಗೆ ವಾಪಸು. ಕೆಲವರು ಕಾಲಿನಿಂದ ಹುಟ್ಟಿದರು ಎನ್ನುವಾಗ ಅಜ್ಜನ ದನಿ ಕುಗ್ಗಿತು. ಆ ಒಂದು ಮಾತನ್ನು ಹಿಡಿದು ನಮ್ಮಂಥವರನ್ನು ತಲೆತಲಾಂತರ ತುಳಿದಿದ್ದಾರೆ. ನೀನಾಗ ಹನ್ನೆರಡರವನು, ಧಡಕ್ಕನೆ ಎದ್ದು ಕೂತೆ. 'ಭೂಮಿ ಎಲ್ಲಿಂದ ಹುಟ್ಟಿತು ಅಜ್ಜಾ?' 'ಅದೂ ಕಾಲಿನಿಂದಲೇ ಮಗಾ.' 'ಹಾಗಾದ್ರೆ ಎಲ್ಲರೂ ನಮ್ಮ ಒಡಹುಟ್ಟಿದವಳ ಮೇಲೇ ನಿಂತಿದಾರೆ!' ನನಗೆ ತಾರಸಿ ಮೆಲ್ಲಗೆ ತೇಲಿದಂತಾಯಿತು. ನನ್ನ ಉಸಿರು ಎಲ್ಲಿ ಮುಗಿಯಿತು, ಗಾಳಿ ಎಲ್ಲಿ ಶುರುವಾಯಿತು ಎಂಬುದೇ ಗೊತ್ತಾಗಲಿಲ್ಲ. ಸೂರ್ಯ ಹೊತ್ತಿಗೆ ಸರಿಯಾಗಿ ಹುಟ್ಟುವುದು, ಮನುಷ್ಯ ಆಡಿದ ಮಾತಿಗೆ ನಿಲ್ಲುವುದು ಎರಡೂ ಒಂದೇ ಕಟ್ಟಳೆ, ಅದಕ್ಕೆ ಋತ ಎಂದು ಹೆಸರು ಎಂದೂ ಅಜ್ಜ ಅವತ್ತೇ ಹೇಳಿದ್ದು. ಸೂರ್ಯ ತನ್ನ ಪಾಲಿನದನ್ನು ಒಂದು ದಿನವೂ ತಪ್ಪಿಸಿಲ್ಲ ಅಣ್ಣಾ.

ನಿನ್ನೆ ಬೆಳಿಗ್ಗೆ ಏಣಿ ಹಾಕಿ ಚಾವಣಿ ಹತ್ತಿದೆ. ಒಂದೇ ಒಂದು ತಗಡಿನ ಮೊಳೆ ಕಿತ್ತು ಸರಿಸಿದೆ. ಇಳಿದು ನೋಡಿದರೆ ಒಳಗೆ ಬಿಸಿಲಿನ ಕಂಬವೊಂದು ನೆಲಕ್ಕೆ ಇಳಿದು ನಿಂತಿತ್ತು. ಅದರೊಳಗೆ ಗಾಜಿನ ಧೂಳು ನಕ್ಷತ್ರದಂತೆ ಸುತ್ತುತ್ತಿತ್ತು. ಗಾಜು ಊದುವ ಮಾವ ಕೊಳವೆ ಕೆಳಗಿಟ್ಟು ಎರಡೂ ಅಂಗೈ ಒಡ್ಡಿದ. ಪ್ಯಾಕಿಂಗ್ ಅಜ್ಜಿ ಮುಖ ಮೇಲೆತ್ತಿ ಕಣ್ಣು ಮುಚ್ಚಿದಳು. ಬೆಳಕು ನೆಲದ ಮೇಲೆ ನಿಧಾನ ಸರಿಯಿತು, ನಾವೂ ಅದರ ಜೊತೆ ಒಂದೊಂದೇ ಹೆಜ್ಜೆ ಸರಿದೆವು. ಹತ್ತಕ್ಕೆ ಸರಿಯಾಗಿ ಅದು ಭಟ್ಟಿಯ ಬಾಯಿಯ ಪಕ್ಕ, ನೀನು ನಿಲ್ಲುವ ಜಾಗ ತಲುಪಿತು. ಯಾರೂ ಅಲ್ಲಿ ಕಾಲಿಡಲಿಲ್ಲ. ನೀನು ನಿಂತಿದ್ದೆ ಎಂದೇ ನನಗನ್ನಿಸಿತು. ಮಧ್ಯಾಹ್ನಕ್ಕೆ ಮ್ಯಾನೇಜರ್ ತಗಡನ್ನು ಮತ್ತೆ ಬಡಿಸಿದ.

ಅಮ್ಮನ ಆಶೀರ್ವಾದ. ಮಾವ, ಅಜ್ಜಿ ನೆನೆದಿದ್ದಾರೆ. ನಿನ್ನ ಉಸಿರು ಬೀಸುವ ಗಾಳಿಯಷ್ಟೇ ಗಟ್ಟಿಯಾಗಿರಲಿ.

ನಿನ್ನ ಜಗಳಗಂಟಿ
ತಂಗಿ

ಮರೆತಿದ್ದೆ: ನರ್ಸಕ್ಕಾ, ಬಾಗಿಲು ಹಾಕಿ ಇದನ್ನು ಓದಿ. ಅಣ್ಣಾ, ಶುಕ್ರವಾರ ಮ್ಯಾನೇಜರನ ಕಡೆಯವನು ಹಣ್ಣು ಹಿಡಿದು ಬರುತ್ತಾನೆ. ಆಸ್ಪತ್ರೆ ಕಾಗದ ಎಂದು ಹೇಳಿ ನಿನ್ನ ಹೆಬ್ಬೆಟ್ಟು ಕೇಳುತ್ತಾನೆ. ಅದರಲ್ಲಿರುವುದು, 'ನನ್ನ ಕಣ್ಣು ನನ್ನ ತಪ್ಪಿನಿಂದಲೇ ಹೋಯಿತು, ಚಾವಣಿಯ ಬಗ್ಗೆ ನನ್ನ ತಕರಾರಿಲ್ಲ' ಎಂದು. ಆಫೀಸು ಗುಡಿಸುವಾಕೆ ಕಣ್ಣಾರೆ ಓದಿದ್ದಾಳೆ. ನೀನು ಒತ್ತಿದರೆ ತಗಡನ್ನು ಇನ್ನು ಕೀಳಿಸುವುದಿಲ್ಲ, ನಾಳೆ ನಿನ್ನ ಜಾಗದಲ್ಲಿ ಇನ್ನೊಬ್ಬನ ಕಣ್ಣು ಬೇಯುತ್ತದೆ. ಹಣ್ಣು ತಿನ್ನು, ಹೆಬ್ಬೆಟ್ಟು ಮಡಚಿಟ್ಟುಕೋ. ನಾವೆಲ್ಲ ಏಣಿ ಹಿಡಿದು ಕಿಂಡಿಯ ಕೆಳಗೆ ಸೇರುತ್ತೇವೆ, ಈ ಸಲ ಎಲ್ಲ ಮೊಳೆ. ಡಾಕ್ಟರು ಬಿಟ್ಟರೆ ಪಟ್ಟಿ ಕಟ್ಟಿಕೊಂಡೇ ಬಾ, ನಿನ್ನ ಜಾಗದಲ್ಲಿ ನಿಲ್ಲಿಸುತ್ತೇನೆ. ಬಿಸಿಲು ಬಂದದ್ದು ಕೆನ್ನೆಗೆ ತಿಳಿಯುತ್ತದೆ. ಭಾನುವಾರ, ಬೆಳಿಗ್ಗೆ ಹತ್ತು ಗಂಟೆ.