ಮೆಣಸಕ್ಕನವರೇ, ಬಾಗಿಲು ತೆಗೀರಿ

ಸರ್ಕಾರಿ ಆಸ್ಪತ್ರೆ, ಹೆಂಗಸರ ವಾರ್ಡು
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹೊಟ್ಟೆಯುರಿ ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲಾ ಧರ್ಮ ಕಾಯುವ ನಿಮ್ಮ ದಳದವರು ಘೋಷಣೆಯಲ್ಲೇ ಹೊಟ್ಟೆ ತುಂಬಿಸುತ್ತಾರೋ? ಮನೆ ಬಿಟ್ಟು ಅವರ ಜೊತೆ ಹೋದ ಮೇಲೆ ನಿನ್ನದೊಂದು ಅಕ್ಷರವಿಲ್ಲ. ಈ ಪತ್ರದ ಅಕ್ಷರವೂ ನನ್ನದಲ್ಲ, ಅಮ್ಮನದು. ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. ಒತ್ತಕ್ಷರ ಬಂದಾಗಲೆಲ್ಲ ನಾಲಿಗೆ ಕಚ್ಚಿಕೊಳ್ಳುತ್ತಾಳೆ, ಪಾಪ. ನನ್ನ ಬಲಗೈಯಲ್ಲಿ ಈಗ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದಿವೆ. ಎಡಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿದೆ. ಮೂಗಿನ ಮೇಲೆ ನೊಣ ಕೂತರೆ ನರ್ಸಮ್ಮನನ್ನು ಕೂಗುತ್ತೇನೆ. ನೊಣ ಓಡಿಸಲು ಆಳಿಟ್ಟುಕೊಂಡ ಮಹಾರಾಣಿ ನಿನ್ನ ಅಕ್ಕ.

ನಿನಗೆ ಅಷ್ಟು ಸಿಟ್ಟು ತರಿಸಿದ ಲೇಖನವನ್ನು ನೀನು ಓದಿಲ್ಲ, ನನಗೆ ಗೊತ್ತು. ನಿನ್ನ ದಳದವರೂ ಓದಿಲ್ಲ. ಜೊತೆಯ ಕೆಲಸಗಾರನೊಡನೆ ನಕ್ಕಳೆಂದು ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ ಒಬ್ಬ ಹೊಲಿಗೆ ಹುಡುಗಿಯನ್ನು ಹಿಡಿದೆಳೆದು ಹಾಡಹಗಲೇ ತಲೆ ಬೋಳಿಸಿದರಲ್ಲ, ಅದನ್ನು ಬರೆದೆ. ಬೋಳಿಸಿದವರ ಹೆಸರು ಬರೆದೆ. ಅವರ ಬೆನ್ನು ತಟ್ಟಿದ ನಿಮ್ಮ ಧರ್ಮಗುರುವಿನ ಹೆಸರನ್ನೂ ಬರೆದೆ. ಒಂದು ಹೆಣ್ಣಿನ ನಗುವಿಗೆ ಕೆಟ್ಟುಹೋಗುವ ದೇವರಿದ್ದರೆ ಅದು ನಿಮ್ಮ ಭಯದ ಹೆಸರೇ ಹೊರತು ದೇವರಲ್ಲ ಅಂದೆ. ಅದೇ ವಾರ ಅದೇ ಮಾತನ್ನು ಕಾಲೇಜಿನ ಮೇಷ್ಟ್ರೊಬ್ಬರೂ ಬರೆದರು. ಅವರಿಗೆ ‘ನಾಸ್ತಿಕ’ ಎಂದು ಬೈದು ಸುಮ್ಮನಾದರು. ನನಗೆ ಬರೆದವರು ನನ್ನ ಮೈಯ ಒಂದೊಂದು ಭಾಗವನ್ನೂ ಹೆಸರಿಸಿ, ಅದಕ್ಕೆ ಏನೇನು ಮಾಡುತ್ತೇವೆ ಎಂದು ವಿವರಿಸಿದರು. ಎಲ್ಲವೂ ಶುರುವಾಗುತ್ತಿದ್ದುದು ———— ಎಂಬ ಪದದಿಂದ. ಅಮ್ಮ ಆ ಪದ ಬರೆಯಲಾರೆ ಅಂದಳು, ಗೆರೆ ಎಳೆದಿದ್ದಾಳೆ. ನೀನೇ ತುಂಬಿಕೊ, ನಿನ್ನ ಗೆಳೆಯರಿಗೆ ಅದು ಬಾಯಿಪಾಠ. ನಮ್ಮ ಸಂಪಾದಕರು, ‘ಸ್ವಲ್ಪ ದಿನ ಅಡುಗೆ ಬಗ್ಗೆ ಬರೀರಿ ಮೇಡಂ’ ಎಂದರು. ‘ಅಡುಗೆಮನೇಲೂ ಚಾಕು ಇರುತ್ತೆ ಸಾರ್’ ಅಂದೆ. ನಗಲಿಲ್ಲ. ಅಂಕಣ ನಿಲ್ಲಿಸಿದರು.

ಶುಕ್ರವಾರ ಬೆಳಗ್ಗೆ ಹೊಸ ಪುಸ್ತಕದ ಕರಡು ತಿದ್ದುತ್ತ ಕೂತಿದ್ದೆ. ಅಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದಳು. ಬೆದರಿಕೆ ಶುರುವಾದಾಗಿನಿಂದ ನಾನು ಯಾರಿಗೂ ಬಾಗಿಲು ತೆಗೆಯುತ್ತಿರಲಿಲ್ಲ, ಹಾಲಿನವನಿಗೂ. ಆಗ ಹೊರಗಿನಿಂದ ಕೂಗಿದರು: ‘ಮೆಣಸಕ್ಕನವರೇ, ಬಾಗಿಲು ತೆಗೀರಿ, ನಿಮ್ಮ ತಮ್ಮನಿಗೆ ಏಟಾಗಿದೆ.’ ಮೆಣಸಕ್ಕ! ಲೆಕ್ಕ ತಪ್ಪಿದಾಗ ಖಾರವಾಗಿ ಬೈಯುತ್ತೇನೆಂದು ಮೂರನೇ ಕ್ಲಾಸಿನಲ್ಲಿ ನೀನಿಟ್ಟ ಹೆಸರು. ಅಪ್ಪನೂ ಹಾಗೆ ಕರೆದವರಲ್ಲ. ಯಾವನೋ ಭೂಪ ಅದು ನನ್ನ ನಿಜವಾದ ಹೆಸರೆಂದೇ ತಿಳಿದು, ಮರ್ಯಾದೆಯಾಗಿ ‘ಅವರೇ’ ಬೇರೆ ಹಚ್ಚಿದ್ದ. ನಗು ಬಂತು. ನಿನ್ನ ಗೆಳೆಯನಿರಬೇಕು, ನಿನಗೆ ಏನಾಯಿತೋ ಎಂದು ಬರಿಗಾಲಲ್ಲಿ ಓಡಿ ಎರಡೂ ಚಿಲಕ ತೆಗೆದೆ.

ಮೂವರು. ಮೊದಲ ಏಟಿಗೇ ಬಿದ್ದೆ. ಒಬ್ಬ ಎದೆಯ ಮೇಲೆ ಕೂತು ಕರಡಿನ ಹಾಳೆ ಮುದ್ದೆ ಮಾಡಿ ಬಾಯಿಗೆ ತುರುಕಿದ, ‘ತಿನ್ನೇ, ನೀನು ಕಕ್ಕಿದ್ದೇ ಇದು’ ಅಂದ. ‘ಯಾವ ಕೈಲಿ ಬರೀತಾಳೋ?’ ಎಂದು ಇನ್ನೊಬ್ಬ ಕೇಳಿದ. ಮೂರನೆಯವನು, ‘ಎರಡನ್ನೂ ಮುಗಿಸು, ತೊಂದ್ರೆ ಇರಲ್ಲ’ ಎಂದ. ಬಲಗೈಯನ್ನು ಹೊಸ್ತಿಲ ಮೇಲಿಟ್ಟು ಮಚ್ಚು ಬೀಸಿದರು. ಮರಕ್ಕೆ ಕಚ್ಚಿಕೊಂಡ ಮಚ್ಚನ್ನು ಕೀಳುವಾಗ ದೇವರ ಹೆಸರು ಹೇಳುತ್ತಿದ್ದರು ಕಣೋ, ಭಾರ ಎತ್ತುವಾಗ ಹೇಳುವ ಹಾಗೆ. ನನ್ನ ಬೆರಳು ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳಿದ್ದನ್ನು ನಾನೇ ನೋಡಿದೆ. ಎಡಗೈಯನ್ನು ಬೂಟಿನಿಂದ ತುಳಿದು ಮುರಿದರು. ಎರಡನೇ ಸಲ ಮಚ್ಚೆತ್ತುವಷ್ಟರಲ್ಲಿ ಕೆಳಗಿನ ಅಂಗಡಿಯ ಇಸ್ತ್ರಿಯವಳು ಕೆಂಡ ತುಂಬಿದ ಪೆಟ್ಟಿಗೆ ಹಿಡಿದು ಮೇಲೆ ಬಂದಳು. ‘ಬನ್ರೋ, ನಿಮ್ಮ ಧರ್ಮದ ಸುಕ್ಕು ತೆಗೀತೀನಿ’ ಎಂದವಳೇ ಒಬ್ಬನ ಕೆನ್ನೆಗೆ ಒತ್ತಿಬಿಟ್ಟಳು. ಚರ್ಮ ಸುಟ್ಟ ವಾಸನೆಗೆ ಮೂವರೂ ಓಡಿದರು. ನಿನ್ನ ದಳದಲ್ಲಿ ಕೆನ್ನೆಗೆ ಬ್ಯಾಂಡೇಜು ಕಟ್ಟಿಕೊಂಡವನು ಯಾರಾದರೂ ಇದ್ದರೆ, ಅವಳ ಕೈಗುಣ ಹೇಗಿತ್ತೆಂದು ಕೇಳು.

ಇನ್ಸ್‌ಪೆಕ್ಟರು ಬಂದಾಗಲೆಲ್ಲ ಒಂದೇ ಪ್ರಶ್ನೆ: ‘ಅಷ್ಟು ಹುಷಾರಾಗಿದ್ದೋರು ಬಾಗಿಲು ಯಾಕೆ ತೆಗೆದ್ರಿ?’ ಊರಿನವರ ಸತ್ಯವನ್ನೆಲ್ಲ ಹೆಸರು ಸಮೇತ ಬರೆದವಳಿಗೆ ಇದೊಂದಕ್ಕೆ ಬಾಯಿ ಬರಲಿಲ್ಲ. ಜ್ಞಾಪಕವಿಲ್ಲ ಅಂದೆ. ಅವರು ಮೆಣಸಕ್ಕ ಎಂದು ಕೂಗಿ ಬಾಗಿಲು ತೆಗೆಸಿದ್ದು ಅಮ್ಮನಿಗೂ ಈಗಲೇ, ಹೇಳಿ ಬರೆಸುವಾಗಲೇ ಗೊತ್ತಾದದ್ದು. ಪೆನ್ನು ನಿಂತಿತು. ಬರಿಯಮ್ಮಾ ಅಂದೆ, ಬರೆದಳು. ನನಗೆ ಒಂದೇ ಉತ್ತರ ಬೇಕು. ಚಹಾ ಕುಡಿಯುತ್ತ ತಮಾಷೆಗೆ ಆ ಹೆಸರು ಬಾಯಿಬಿಟ್ಟೆಯೋ, ಅಥವಾ ಇದೇ ಅವಳ ಬಾಗಿಲಿನ ಕೀಲಿಕೈ ಎಂದು ಕೊಟ್ಟೆಯೋ? ಬಂದು ನನ್ನ ಮುಖ ನೋಡಿ ಹೇಳು. ಅಲ್ಲಿಯವರೆಗೆ ಪೊಲೀಸರಿಗೆ ಹೇಳುವುದಿಲ್ಲ. ಬರೆಯುವುದನ್ನಂತೂ ಬಿಡುವುದಿಲ್ಲ, ಅದನ್ನು ನಿನ್ನ ಗುರುವಿಗೂ ತಿಳಿಸು. ಬಾಯಿ ಇದೆ, ಹೇಳಿ ಬರೆಸುತ್ತೇನೆ.

ಹೊಟ್ಟೆ ಜೋಪಾನ. ನಿನಗೆ ಒಳ್ಳೆಯದಾಗಲಿ ಎಂದು ಬಾಯಿತುಂಬ ಹರಸಲು ಇವತ್ತು ಆಗುತ್ತಿಲ್ಲ, ಒಳ್ಳೆಯ ಬುದ್ಧಿ ಬರಲಿ ಎಂದಷ್ಟೇ ಹರಸುತ್ತೇನೆ.

ಮೂರು ಪುಸ್ತಕ ಬರೆದ ನಿನ್ನ ಅಕ್ಕನ ಹೆಬ್ಬೆಟ್ಟು

ತಾ.ಕ.: ಮಗನೇ, ಇದು ನಾನು, ಅಮ್ಮ. ಅವಳು ನಿದ್ದೆ ಹೋಗಿದ್ದಾಳೆ. ಉತ್ತರಕ್ಕೆ ಅವಳು ಕಾಯಬೇಕಾಗಿಲ್ಲ, ಅದು ನನ್ನ ಹತ್ತಿರವೇ ಇದೆ. ಗುರುವಾರ ಸಂಜೆ ಫೋನು ಮಾಡಿ, ‘ಅಮ್ಮಾ, ನಾಳೆ ನೀನು ಮನೇಲಿರಬೇಡ, ದೊಡ್ಡಮ್ಮನ ಮನೆಗೆ ಹೋಗು’ ಅಂದೆಯಲ್ಲ. ಇಷ್ಟು ದಿನಕ್ಕೆ ಮಗನಿಗೆ ನನ್ನ ನೆನಪಾಯಿತು ಎಂದು ಖುಷಿಪಟ್ಟು, ಅವಳಿಗೆ ಫೋನಿನ ಸುದ್ದಿ ಹೇಳದೆ ಹೋದೆ. ಅವಳಿಗೂ ಹೋಗು ಎಂದು ಹೇಳಬಾರದಿತ್ತೇನೋ? ಇನ್ಸ್‌ಪೆಕ್ಟರು ವರಾಂಡದಲ್ಲಿದ್ದಾರೆ, ಈಗಷ್ಟೇ ಎಲ್ಲ ಹೇಳಿ ಬಂದೆ. ಅವಳು ಎದ್ದ ಮೇಲೆ ಬೈಯಲಿ. ಲಕೋಟೆಗೆ ಅಂಚೆಚೀಟಿ ಹಚ್ಚುವುದಿಲ್ಲ, ಅವರ ಕೈಯಲ್ಲೇ ಕೊಡುತ್ತೇನೆ. ನೀನು ಇದನ್ನು ಓದುವಾಗ ಅವರು ನಿನ್ನ ಎದುರಿಗೇ ನಿಂತಿರುತ್ತಾರೆ. ಓಡಬೇಡ. ಓಡಿದರೆ ನಿನಗೆ ಉಬ್ಬಸ ಬರುತ್ತದೆ.