ಒಂದೇ ಹಗ್ಗಕ್ಕೆ ಎರಡು ಮೀಟರು

ಅಕ್ಕಾ,

ಉಪಕರಣದ ಕೋಣೆಯ ಬೀಗ ಬದಲಿಸಿದ್ದು ನೀನೇ ಎಂದು ಗೊತ್ತಾಯಿತು. ಸಮುದ್ರದಾಳದ ಪ್ರವಾಹ ವರ್ಷದಿಂದ ವರ್ಷಕ್ಕೆ ನಿಧಾನವಾಗುತ್ತಿದೆ ಎಂದು ನಿನ್ನ ಲೆಕ್ಕವೇ ಹೇಳಿತು. ನೀನು ಮಾತ್ರ "ಇವನೇ ಮೀಟರಿಗೆ ಏನೋ ಮಾಡಿರ್ತಾನೆ" ಎಂದು, ಪ್ರವಾಹದ ವೇಗ ಅಳೆಯುವ ಆ ಮೀಟರನ್ನು ನೀರಿಗಿಳಿಸುವ ನನ್ನ ಮೇಲೆ ಗೂಬೆ ಕೂರಿಸಿದೆ.

ನನಗೂ ಈ ಹೊಸ ಮೀಟರಿನ ಮೇಲೆ ಗುಮಾನಿಯಿತ್ತು. ಅದಕ್ಕೇ ಈ ಸಲ ಹಡಗಿನಲ್ಲಿ ಯಾರಿಗೂ ಹೇಳದೆ, ಅಪ್ಪ ಅದೇ ಜಾಗದಲ್ಲಿ ಇಳಿಸುತ್ತಿದ್ದ ಹಳೇ ಮೀಟರನ್ನೂ ಅದೇ ಹಗ್ಗಕ್ಕೆ ಕಟ್ಟಿ ಇಳಿಸಿದೆ. ಎರಡೂ ಒಂದೇ ವೇಗ ತೋರಿಸಿದವು. ಅಪ್ಪನ ಕಾಲದ ವೇಗ ಅದಲ್ಲ, ಅದಕ್ಕಿಂತ ತೀರಾ ಕಡಿಮೆ.

ಇದನ್ನೂ ನೀನು ನಂಬುವವಳಲ್ಲ. ಮುಂದಿನ ಸಲ ನೀನೇ ಬಂದು ಇಳಿಸು, ನಾನು ಮುಟ್ಟುವುದಿಲ್ಲ. ಚಿಕ್ಕಂದಿನಿಂದ ನಿನ್ನೆದುರು ಸೋಲೊಪ್ಪಿದವನಲ್ಲ ನಾನು. ಈ ಒಂದು ಸಲ, ಕಡಲಿಗೆ ಏನೂ ಆಗಿಲ್ಲ, ತಪ್ಪು ನನ್ನದೇ ಎಂದು ತೋರಿಸಿಕೊಡು.

ನೀನು ನಂಬದ ತಮ್ಮ